ದೊಡ್ಡಮ್ಮನಿಗೊಂದು ಎಣ್ಣೆ ಫಿಲ್ಟರ್

ಮನೆಯಿಂದ,
ಫೆಬ್ರವರಿ ೨೧, ಭಾನುವಾರ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ? ಕ್ವಾರಿಯ ಕಲ್ಲಿನ ದೂಳಿಗೆ ಶುರುವಾಗಿದ್ದ ಒಣಕೆಮ್ಮು ನಿಂತಿತೇ? ಹಣೆಯ ಗಾಯ ಮಾಗಿತೇ? ಡಂಪರಿನ ಬಾನೆಟ್ಟು ತಗುಲಿ ಆದ ಗಾಯವೆಂದು ಬರೆದಿದ್ದಿರಿ. ಸದ್ಯಕ್ಕೆ ಹಾಗೆಂದೇ ಇಟ್ಟುಕೊಳ್ಳೋಣ, ಆ ಮಾತಿಗೆ ಆಮೇಲೆ ಬರುತ್ತೇನೆ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ಮಂಡಿ ನೋವು ಎನ್ನುತ್ತಾರೆ, ಆದರೆ ಬೀದಿಯ ತುದಿಯಲ್ಲಿ ಯಾರದೋ ಮನೆಯಲ್ಲಿ ಜಗಳ ಶುರುವಾದರೆ ನನಗಿಂತ ಮೊದಲು ಗೇಟಿನ ಹತ್ತಿರ ಅವರೇ ಇರುತ್ತಾರೆ. ನನ್ನ ಬೆರಳುಗಳು ಮಾತ್ರ ಸೂಜಿ ಚುಚ್ಚಿಸಿಕೊಂಡು ಜರಡಿಯಾಗಿವೆ. ಮಳೆಗಾಲಕ್ಕೆ ಮೊದಲೇ ಟಾರ್ಪಾಲು ಹೊಲಿಸಿಕೊಳ್ಳೋಣ ಎಂಬ ಬುದ್ಧಿ ಈ ವರ್ಷ ಎಲ್ಲ ಲಾರಿಯವರಿಗೂ ಒಟ್ಟಿಗೇ ಬಂದಿದೆ. ಕೈತುಂಬ ಕೆಲಸ ಇರುವವಳು ಗೊಣಗಬಾರದು ಎಂದು ಸುಮ್ಮನಿದ್ದೇನೆ.

ಈಗ ಸುದ್ದಿ. ಷೆಡ್ಡಿನಲ್ಲಿರುವ ನಮ್ಮ ಮುದಿ ಗಾಡಿ ದೊಡ್ಡಮ್ಮನಿಗೆ ಎಣ್ಣೆ ಫಿಲ್ಟರ್ ಕೂರಿಸಿ ಆಯಿತು. ನೀವು ಜಲ್ಲಿ ಲಾರಿಯವನ ಕೈಯಲ್ಲಿ ಕಳಿಸಿದ ಪೆಟ್ಟಿಗೆ ಬಂದು ತಲುಪಿದ ದಿನ ಅದನ್ನು ಬಿಚ್ಚಿ, ಒಳಗಿನದೆಲ್ಲ ಷೆಡ್ಡಿನ ಬೆಂಚಿನ ಮೇಲೆ ಹರಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನೋಡಿದೆ. ಹಳೆಯ ಕಂಪ್ರೆಸರಿನಿಂದ ಬಿಚ್ಚಿದ, ಹಾಲಿನ ಕ್ಯಾನಿನ ತಮ್ಮನಂತಿರುವ ಫಿಲ್ಟರ್ ಡಬ್ಬಿ. ಸುರುಳಿ ಸುತ್ತಿದ ತಾಮ್ರದ ಪೈಪು. ಹಿತ್ತಾಳೆಯ ನಟ್ಟುಗಳು, ಜೋಡಣೆಗಳು. ತಟ್ಟೆಯಷ್ಟು ಅಗಲದ ಮುಖವಿರುವ ಎಣ್ಣೆ ಒತ್ತಡದ ಮೀಟರು. ಅದೂ ಸಾಲದು ಎಂಬಂತೆ ಒಂದು ಕೆಂಪು ದೀಪ, ಒತ್ತಡ ಇಳಿದರೆ ಹತ್ತಿಕೊಳ್ಳುವಂಥದು. ನಿಜ ಹೇಳಲೇ? ಮದುವೆಯಾದಾಗಿನಿಂದ ನೀವು ನನಗೆ ಒಂದೇ ಸಲಕ್ಕೆ ಇಷ್ಟು ಸಾಮಾನು ಕಳಿಸಿದ್ದೇ ಇಲ್ಲ. ಅವತ್ತೇ ನನಗೆ ಮೊದಲ ಅನುಮಾನ ಹುಟ್ಟಿದ್ದು.

ಏಕೆಂದರೆ ಫಿಲ್ಟರ್ ಎಂದರೆ ಮೂಗು ಮುರಿಯುತ್ತಿದ್ದವರು ನೀವೇ. ದೊಡ್ಡಮ್ಮ ನಮ್ಮಿಬ್ಬರಿಗಿಂತ ಹಿರಿಯಳು, ಮಾವನವರ ಕಾಲದವಳು. ಹುಟ್ಟುವಾಗಲೇ ಫಿಲ್ಟರ್ ಇಲ್ಲದೆ ಹುಟ್ಟಿದ ಇಂಜಿನ್ನು. ಅದಕ್ಕೊಂದು ಹಾಕಿಸಿಬಿಡಿ ಎಂದು ಹಿಂದಿನ ಬೀದಿಯ ಲೇತಣ್ಣ ಎಷ್ಟು ಸಲ ಹೇಳಿಲ್ಲ! ಲೇತ್ ಮುಂದೆ ನಿಂತು ನಿಂತು ಅವನ ಹೆಸರೇ ಮರೆತುಹೋಗಿದೆ ಎಲ್ಲರಿಗೂ, ಆದರೆ ಆಡುವ ಮಾತಿಗೆ ತೂಕವಿದೆ. ನೀವು ಅವನಿಗೆ ಏನು ಹೇಳುತ್ತಿದ್ದಿರಿ? "ಎಣ್ಣೆ ಹೊತ್ಹೊತ್ತಿಗೆ ಬದಲಾಯಿಸ್ತೀನಿ, ಕೆಟ್ಟರೆ ಇಂಜಿನ್ನೇ ನನಗೆ ಹೇಳುತ್ತೆ." ಹಳೆಯ ಮೀಟರಿನ ಮುಳ್ಳು ಸತ್ತು ಅದೆಷ್ಟೋ ವರ್ಷವಾದರೂ ಅದನ್ನು ಬದಲಿಸಲಿಲ್ಲ, ಮೀಟರು ಸುಳ್ಳು ಹೇಳಬಹುದು, ಸದ್ದು ಹೇಳಲ್ಲ ಎಂದಿರಿ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದಿರಲ್ಲ, ನಾನು ಕ್ಯಾಬಿನ್ನಿನಲ್ಲಿ ಕೂತು ನೀವು ಬೆರಳೆತ್ತಿದಾಗ ಆಕ್ಸಿಲರೇಟರ್ ಒತ್ತಬೇಕು, ಬೆರಳಿಳಿಸಿದಾಗ ಬಿಡಬೇಕು. ಆ ನಿಲುವು ನೋಡಿಯೇ ಅಲ್ಲವೇ ಬೀದಿಯವರೆಲ್ಲ ನಿಮಗೆ ಇಂಜಿನ್ ಡಾಕ್ಟರು ಎಂದು ಹೆಸರಿಟ್ಟದ್ದು? ಅಂಥವರು ಇದ್ದಕ್ಕಿದ್ದಂತೆ ಫಿಲ್ಟರ್ ಹಾಕಿಸು, ಮೀಟರ್ ಸರಿಯಾಗಿ ಡ್ರೈವರಿನ ಕಣ್ಣ ಮುಂದೆ ಕೂರಿಸು, ಕೆಂಪು ದೀಪ ಅದರ ಪಕ್ಕದಲ್ಲೇ ಇರಲಿ ಎಂದು ಚಿತ್ರ ಬಿಡಿಸಿ ಕಳಿಸಿದರೆ ನಾನು ಏನೆಂದುಕೊಳ್ಳಬೇಕು?

ನಾನು ಅಂದುಕೊಂಡದ್ದು, ನೀವು ದೊಡ್ಡಮ್ಮನನ್ನು ಮಾರುತ್ತಿದ್ದೀರಿ ಎಂದು. ಹಳೇ ಗಾಡಿಗಳ ಹುಚ್ಚು ಹಿಡಿದ ಯಾರೋ ದೊಡ್ಡ ಮನುಷ್ಯ ನಿಮ್ಮ ಕ್ವಾರಿಗೆ ಬಂದಿರಬೇಕು, ಫಿಲ್ಟರ್ ಇದ್ದರೆ ಕೊಳ್ಳುತ್ತೇನೆ ಎಂದಿರಬೇಕು, ನನ್ನ ಕೈಯಲ್ಲೇ ಅವಳಿಗೆ ಸಿಂಗಾರ ಮಾಡಿಸಿ ಸಾಗಹಾಕುವ ಹುನ್ನಾರ ಎಂದು. ಒಂದು ವಾರ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ಮುಟ್ಟಲೇ ಇಲ್ಲ. ಷೆಡ್ಡಿನ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡಿದೆ. ಅಪರಿಚಿತ ಗಾಡಿ ಬೀದಿಯಲ್ಲಿ ನಿಂತರೆ ಸಾಕು, ಹೊಲಿಗೆ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಪಾಪ, ಒಬ್ಬ ಪಂಪು ರಿಪೇರಿಯವನು ವಿಳಾಸ ಕೇಳಲು ಬಂದು ನನ್ನ ಮುಖ ನೋಡಿಯೇ ಹಿಂದಕ್ಕೆ ಹೋದ. "ಏನಾಗಿದೆ ನಿನಗೆ, ಕಳ್ಳನ್ನ ಕಂಡ ಹಾಗೆ ಎಲ್ಲರನ್ನೂ ನೋಡ್ತೀಯ" ಎಂದರು ಅತ್ತೆ. ನಿಮ್ಮ ಮಗನ ಮೇಲೆಯೇ ಅನುಮಾನ ಎಂದು ಅವರಿಗೆ ಹೇಗೆ ಹೇಳಲಿ?

ಫೋನಿನ ಸಂಗತಿಯೂ ಇದೆ. ಮೊದಲು ದಿನಾ ಸಂಜೆ ಫೋನ್ ಮಾಡುತ್ತಿದ್ದವರು ಈಗ ಮಾಡುವುದಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ "ಸರಿ ಸರಿ, ಹ್ಞೂಂ ಹ್ಞೂಂ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಅತ್ತೆಗೆ ಜ್ವರ ಎಂದು ಹೇಳಿದರೆ "ಒಳ್ಳೇದಾಯ್ತು" ಎಂದಿರಿ! ಆ ರಾತ್ರಿ ನನಗೆ ಬಂದ ಸಿಟ್ಟಿಗೆ ಒಲೆ ಹಚ್ಚದೆಯೇ ಹಾಲು ಉಕ್ಕಬೇಕಿತ್ತು. ಇಲ್ಲಿ ಸಿಗ್ನಲ್ ಸರಿಯಿಲ್ಲ, ಯಂತ್ರಗಳ ಗಲಾಟೆ, ಏನಿದ್ದರೂ ಕಾಗದ ಬರೆ ಎಂದು ಹೇಳಿ ಕಳಿಸಿದಿರಿ. ಈ ಕಾಲದಲ್ಲಿ ಗಂಡ ಹೆಂಡತಿಗೆ ಕಾಗದ ಬರೆ ಎಂದರೆ ಯಾರಾದರೂ ನಂಬುತ್ತಾರೆಯೇ? ನನ್ನ ಕಿವಿಗೆ ಹೂವಿಡಲು ಬರಬೇಡಿ. ನಿಮ್ಮ ಜೊತೆ ಒಂದೇ ಕೋಣೆಯಲ್ಲಿರುವ ಕ್ರೇನಣ್ಣನ ನಂಬರಿಗೆ ಫೋನ್ ಮಾಡಿದೆ. ಅವನ ಮಾತು ಪಕ್ಕದ ಮನೆಯಿಂದ ಕೂಗಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಸಿಗ್ನಲ್ ಅವನ ಮಂಚದ ತನಕ ಬಂದು ನಿಮ್ಮ ಮಂಚದ ಹತ್ತಿರ ನಿಂತುಬಿಡುತ್ತದೆಯೇ?

ಆಗ ಹುಟ್ಟಿತು ನೋಡಿ ಎರಡನೆಯ ಅನುಮಾನ, ಹೆಂಗಸರಿಗೆ ಮೊದಲು ಹುಟ್ಟಬೇಕಾದದ್ದು. ನಗಬೇಡಿ. ಹೋದ ಸಲ ರಜೆಗೆ ಬಂದಾಗ ನೀವು ಬೇರೆಯೇ ಥರ ಇದ್ದಿರಿ. ಊಟಕ್ಕೆ ಕೂತರೆ ನನ್ನ ಎದುರಿಗೇ ಕೂರುವುದು, ನಾನು ಬಾಯಿ ತೆರೆದರೆ ಸಾಕು, ತಟ್ಟೆ ಬಿಟ್ಟು ನನ್ನ ಮುಖವನ್ನೇ ನೋಡುವುದು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಮಾತಾಡಿದರೆ ಉತ್ತರವೇ ಇಲ್ಲ, ತಿರುಗಿ ನೋಡಿದರೆ ಮಾತ್ರ ನಗು. ಈ ವಯಸ್ಸಿನಲ್ಲಿ ಇವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿ, ನಿಮ್ಮ ರಜೆ ಮುಗಿಯುವವರೆಗೆ ಒಳ್ಳೊಳ್ಳೆಯ ಸೀರೆಗಳನ್ನೇ ಉಟ್ಟೆ. ನೀವು ಹೋದ ಮೇಲೆ ಯೋಚಿಸಿದೆ. ತಪ್ಪು ಮಾಡಿದ ಗಂಡಸರು ಹೀಗೆಯೇ ಅಲ್ಲವೇ ಹೆಂಡತಿಯ ಮುಖ ನೋಡುವುದು, ಇವಳಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು? ನಿಮ್ಮ ಕ್ಯಾಂಟೀನಿನಲ್ಲಿ ಅಡುಗೆ ಮಾಡುವಾಕೆ ಗಂಡನನ್ನು ಕಳೆದುಕೊಂಡವಳು, ಕೈಗುಣ ಚೆನ್ನಾಗಿದೆ ಎಂದು ಒಮ್ಮೆ ಬರೆದಿದ್ದಿರಿ. ಅವತ್ತು ಓದಿ ಮರೆತಿದ್ದೆ. ಮೊನ್ನೆ ಹುಡುಕಿ ಮತ್ತೆ ಓದಿದೆ.

ಆದ್ದರಿಂದ ಕ್ರೇನಣ್ಣನನ್ನು ಸುತ್ತಿ ಬಳಸಿ ವಿಚಾರಿಸಿದೆ. ಕ್ಯಾಂಟೀನಿನಾಕೆಗೆ ಮೊಮ್ಮಕ್ಕಳಿದ್ದಾರೆ, ನಿಮ್ಮನ್ನು ಕಂಡರೆ ಮಗನೇ ಎನ್ನುತ್ತಾಳೆ ಎಂದು ಗೊತ್ತಾಗಿ ನಾಚಿಕೆಯಾಯಿತು, ನೆಮ್ಮದಿಯೂ ಆಯಿತು. ಆದರೆ ಮಾತಿನ ನಡುವೆ ಅವನು ಇನ್ನೊಂದು ಸಂಗತಿ ಬಾಯಿ ಬಿಟ್ಟ. "ಅಣ್ಣನ ಹಣೆ ಈಗ ಪರವಾಗಿಲ್ಲ ಅತ್ತಿಗೆ. ಅವತ್ತು ಸೈರನ್ ಆದ ಮೇಲೂ ಡಂಪರ್ ಪಕ್ಕದಲ್ಲೇ ನಿಂತಿದ್ರು, ನಾನು ಓಡಿ ಹೋಗಿ ಕಾಲರ್ ಹಿಡಿದು ಎಳ್ಕೊಂಡು ಬಂದೆ. ಅಷ್ಟರಲ್ಲಿ ಬಂಡೆ ಸಿಡೀತು, ಒಂದು ಚೂರು ತಗುಲ್ತು" ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ, ನಾನು ಹೇಳಿದೆ ಅಂತ ಹೇಳಬೇಡಿ ಎಂದ. ನೋಡಿ, ಹೇಳಿಬಿಟ್ಟೆ. ಬಾನೆಟ್ಟಂತೆ ಬಾನೆಟ್ಟು! ಬಂಡೆಗೆ ಮದ್ದಿಟ್ಟು ಸೈರನ್ ಊದಿದ ಮೇಲೆ ನೊಣವೂ ಅಲ್ಲಿ ನಿಲ್ಲುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಹಾಗಾದರೆ ನೀವೇಕೆ ನಿಂತಿದ್ದಿರಿ? ನನಗೆ ತೋಚಿದ್ದು ಒಂದೇ. ಕುಡಿದಿದ್ದೀರಿ. ಹಗಲು ಹೊತ್ತಿನಲ್ಲಿ ಕುಡಿದು, ಮೈಮೇಲೆ ಪ್ರಜ್ಞೆಯಿಲ್ಲದೆ ನಿಂತಿದ್ದೀರಿ. ಇಷ್ಟು ವರ್ಷ ತೊಟ್ಟೂ ಮುಟ್ಟದವರು ಈಗ ಶುರು ಮಾಡಿದ್ದೀರಿ, ಅದಕ್ಕೇ ಫೋನಿನಲ್ಲಿ ತೊದಲಾಟ, ಅದಕ್ಕೇ ತಾಯಿಗೆ ಜ್ವರ ಎಂದರೆ ಒಳ್ಳೆಯದಾಯಿತು. ಅವತ್ತು ನಾನು ಅತ್ತದ್ದು ಅತ್ತೆಗೆ ಗೊತ್ತಿಲ್ಲ. ಹೊಲಿಗೆ ಮಿಷಿನ್ನಿನ ಸದ್ದಿನಲ್ಲಿ ಅಳುವುದು ಸುಲಭ.

ಮನಸ್ಸು ಕೆಟ್ಟಾಗ ಕೈಗೆ ಕೆಲಸ ಕೊಡಬೇಕು. ಅದಕ್ಕೇ ಕೊನೆಗೆ ಪೆಟ್ಟಿಗೆ ಎಳೆದೆ. ನೀವು ಬಿಡಿಸಿದ ಚಿತ್ರ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಇಂಜಿನ್ನಿನ ಎಡಪಕ್ಕದಲ್ಲಿ ಹಳೆಯ ಮೀಟರಿಗೆ ಎಣ್ಣೆ ಹೋಗುತ್ತಿದ್ದ ಕಿಂಡಿಯನ್ನು ಬಿಚ್ಚಿ ಅಲ್ಲಿ ಮೂರು ಕವಲಿನ ಹಿತ್ತಾಳೆ ಕೂರಿಸಿದೆ. ಒಂದು ಕವಲು ಹೊಸ ಮೀಟರಿಗೆ, ಒಂದು ಕೆಂಪು ದೀಪಕ್ಕೆ, ಒಂದು ಫಿಲ್ಟರಿಗೆ. ಡಬ್ಬಿಯನ್ನು ಕ್ಯಾಬಿನ್ನಿನ ಮುಂದಿನ ತಗಡಿಗೆ ಪಟ್ಟಿ ಹಾಕಿ ನಿಲ್ಲಿಸಿದೆ. ಒಳಹೋಗುವ ಎಣ್ಣೆ ಪಕ್ಕದಿಂದ, ಸೋಸಿ ಹೊರಬರುವುದು ತಳದಿಂದ, ಅಲ್ಲಿಂದ ಇಳಿಜಾರಾಗಿ ಪೈಪು ಇಂಜಿನ್ನಿನ ಹೊಟ್ಟೆಗೆ ವಾಪಸ್ಸು. ನಡುವೆ ತಾಮ್ರವನ್ನು ಒಂದು ಸುತ್ತು ಬಳೆಯಂತೆ ಬಾಗಿಸಿದ್ದೇನೆ, ನೀವು ಹೇಳಿದಂತೆಯೇ, ಇಂಜಿನ್ನಿನ ನಡುಕಕ್ಕೆ ಪೈಪು ಸೀಳದಿರಲಿ ಎಂದು. ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅರಳಿಸುವ ಮೊದಲು ನಟ್ಟು ತೂರಿಸಬೇಕಲ್ಲ, ಅದನ್ನು ಮರೆತು, ಅರಳಿಸಿ, ಎಷ್ಟು ಚೆಂದ ಬಂತು ಎಂದು ಮೆಚ್ಚಿಕೊಂಡು, ನಟ್ಟು ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿರುವುದು ಕಂಡು ತಲೆ ಚಚ್ಚಿಕೊಂಡೆ. ಕತ್ತರಿಸಿ ಮತ್ತೆ ಮಾಡಿದೆ. ಎರಡನೆಯ ಸಲವೂ ಅದನ್ನೇ ಮಾಡಿದೆ ಎಂದು ಯಾರಿಗೂ ಹೇಳಬೇಡಿ.

ಕೊನೆಗೆ ಉಳಿದದ್ದು ಫಿಲ್ಟರಿಗೆ ಎಣ್ಣೆ ಒಳಹೋಗುವಲ್ಲಿ ಹಾಕಬೇಕಾದ ಒಂದು ಪುಟ್ಟ ಹಿತ್ತಾಳೆ ತುಂಡು. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ನಡುವೆ ತೂತೇ ಇಲ್ಲ ಎನ್ನಿಸಿತು. ಕಣ್ಣು ಕಿರಿದು ಮಾಡಿ ನೋಡಿದರೆ ಸೂಜಿ ಮೊನೆಯಷ್ಟು ಬೆಳಕು. ನನ್ನ ಅನುಮಾನದ ತಲೆ ಕೂಡಲೇ ಓಡಿತು. ಇದು ಕೆಟ್ಟ ಮಾಲು, ಕುಡಿದ ಕೈಯಲ್ಲಿ ಗುಜರಿಯಿಂದ ಹೆಕ್ಕಿ ಹಾಕಿದ್ದಾರೆ ಎಂದು. ಲೇತಣ್ಣನಿಗೆ ತೋರಿಸಿದೆ. ಅವನೂ ತಿರುಗಿಸಿ ಮುರುಗಿಸಿ ನೋಡಿ, "ಯಾರೋ ಅರ್ಧ ಕೊರೆದು ಊಟಕ್ಕೆ ಎದ್ದು ಹೋಗಿದ್ದಾರೆ, ಇದರಲ್ಲಿ ಎಣ್ಣೆ ಎಲ್ಲಿ ಹೋಗುತ್ತೆ?" ಎಂದು, ನಾನು ಬೇಕು ಬೇಡ ಎನ್ನುವುದರೊಳಗೆ ಲೇತಿಗೆ ಕಚ್ಚಿಸಿ ಪೆನ್ಸಿಲ್ ಹೋಗುವಷ್ಟು ಅಗಲ ಕೊರೆದುಬಿಟ್ಟ. ಉಪಕಾರ ಮಾಡಿದ ಖುಷಿಯಲ್ಲಿ ಕಾಸೂ ತೆಗೆದುಕೊಳ್ಳಲಿಲ್ಲ. ನಾನೂ ಕಾಫಿ ಕೊಟ್ಟು ಕಳಿಸಿದೆ.

ಹಾಕಿ, ಬಿಗಿದು, ದೊಡ್ಡಮ್ಮನನ್ನು ಎಬ್ಬಿಸಿದೆ. ಮೀಟರಿನ ಮುಳ್ಳು ಅರ್ಧದವರೆಗೆ ಎದ್ದು, ಸುಸ್ತಾದವರಂತೆ ಹಿಂದಕ್ಕೆ ಒರಗಿತು. ಕೆಂಪು ದೀಪ ಕಣ್ಣು ಬಿಟ್ಟಿತು. ಆಮೇಲೆ ಕೆಳಗಿನಿಂದ ಶುರುವಾಯಿತು, ಟಕ್ ಟಕ್ ಟಕ್ ಎಂದು, ಯಾರೋ ಒಳಗೆ ಕೂತು ಸುತ್ತಿಗೆಯಲ್ಲಿ ಹೊಡೆದಂತೆ. ತಕ್ಷಣ ಆಫ್ ಮಾಡಿ ಕ್ಯಾಬಿನ್ನಿನಲ್ಲೇ ಕೂತುಬಿಟ್ಟೆ. ಸಾವಕಾಶವಾಗಿ ಯೋಚಿಸಿದ ಮೇಲೆ ತಿಳಿಯಿತು. ಈ ಇಂಜಿನ್ನು ಬಡವಿ, ಪಂಪು ಎತ್ತುವ ಎಣ್ಣೆಯೇ ಸ್ವಲ್ಪ. ಅದರಲ್ಲಿ ಹನಿಯಷ್ಟು ಮಾತ್ರ ಫಿಲ್ಟರಿಗೆ ಹೋಗಿ ಸೋಸಿಕೊಂಡು ಬರಲಿ, ಉಳಿದದ್ದೆಲ್ಲ ಬೇರಿಂಗುಗಳಿಗೆ ಸಿಗಲಿ ಎಂದೇ ನೀವು ಆ ತೂತನ್ನು ಅಷ್ಟು ಚಿಕ್ಕದಿಟ್ಟದ್ದು. ನಾವು ಅದನ್ನು ಹೆಬ್ಬಾಗಿಲು ಮಾಡಿದೆವು, ಎಣ್ಣೆಯೆಲ್ಲ ಫಿಲ್ಟರಿಗೆ ನುಗ್ಗಿ ಸುಲಭದ ದಾರಿಯಲ್ಲಿ ಹೊಟ್ಟೆಗೆ ವಾಪಸ್ಸಾಯಿತು, ಬೇರಿಂಗುಗಳು ಒಣಗಿದವು. ಕುಡಿದ ಕೈ ಮಾಡುವ ಕೆಲಸವಲ್ಲ ಅದು. ಅಷ್ಟು ನಾಜೂಕಾಗಿ ತೂತು ಕೊರೆಯಲು ಕೈ ಒಂದಿಷ್ಟೂ ನಡುಗಬಾರದು. ಆ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು, ಇವರು ಕುಡಿಯುತ್ತಿಲ್ಲ ಎಂದು ನಾನೇ ಜೋರಾಗಿ ಹೇಳಿಕೊಂಡೆ.

ಸರಿಮಾಡಿದ್ದು ಹೇಗೆ ಗೊತ್ತೇ? ಟಾರ್ಪಾಲು ಹೊಲಿಯುವ ನನ್ನ ದಬ್ಬಣದ ಸೂಜಿಯನ್ನು ದೀಪದ ಮಸಿಯಲ್ಲಿ ಕಪ್ಪು ಮಾಡಿ, ಆ ತೂತಿನ ನಡುವೆ ನಿಲ್ಲಿಸಿ, ಸುತ್ತ ಬೆಸುಗೆ ಸೀಸ ತುಂಬಿಸಿದೆ. ಮಸಿಗೆ ಬೆಸುಗೆ ಅಂಟುವುದಿಲ್ಲ. ಆರಿದ ಮೇಲೆ ಸೂಜಿ ಎಳೆದರೆ ಸೂಜಿಯಷ್ಟೇ ತೂತು ಉಳಿಯಿತು. ಲೇತಣ್ಣ ನೋಡಿ ತಲೆ ಕೆರೆದುಕೊಂಡ, ಕೊರೆದವನು ಅವನಲ್ಲವೇ. ಮತ್ತೆ ಎಬ್ಬಿಸಿದಾಗ ಮುಳ್ಳು ಸೆಟೆದು ನಿಂತಿತು. ದೀಪ ಆರಿತು. ಆ ಭೀಕರ ಬಡಿತವೂ ಇಳಿಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಳಗೆ ಮೆತ್ತಗೆ ಟಕ್ ಟಕ್ ಎನ್ನುತ್ತಲೇ ಇತ್ತು. ನಾವು ಒಂದು ಗಳಿಗೆ ಒಣಗಿಸಿದ್ದಕ್ಕೆ ಹೀಗಾಯಿತೇ ಎಂದು ಹೆದರಿ, ಕೆಲವು ದಿನ ಓಡಿಸಿ, ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿದೆ. ತಳದಲ್ಲಿ ಬೆಳ್ಳಿಯ ಪುಡಿಯಂತೆ ಬೇರಿಂಗಿನ ಲೋಹ, ಬೆರಳಿಗೆ ಮೆತ್ತಿಕೊಳ್ಳುವಷ್ಟು. ಲೇತಣ್ಣ ಅದನ್ನು ಉಗುರಿನಿಂದ ಕೆರೆದು ನೋಡಿ ಹೇಳಿದ, ಇದು ಒಂದು ಗಳಿಗೆಯ ಸವೆತವಲ್ಲ, ತಿಂಗಳುಗಟ್ಟಲೆಯದು ಎಂದು. ಅಷ್ಟು ಹೇಳಿ ಸುಮ್ಮನಾಗದೆ, "ಹೋದ ಸಲ ಡಾಕ್ಟ್ರು ರಜೆಗೆ ಬಂದಾಗಲೇ ಬಡೀತಿತ್ತಲ್ಲ, ನಮ್ಮ ಅಂಗಡಿ ತನಕ ಕೇಳಿಸ್ತಿತ್ತು" ಎಂದ. ಮತ್ತೇಕೆ ಅವರಿಗೆ ಹೇಳಲಿಲ್ಲ ಎಂದರೆ, "ಇಂಜಿನ್ ಡಾಕ್ಟ್ರಿಗೆ ಇಂಜಿನ್ ಬಡೀತಿದೆ ಅಂತ ನಾನು ಹೇಳೋದಾ? ಏನೋ ಯೋಚನೆ ಇಟ್ಕೊಂಡಿರ್ತಾರೆ ಅಂದ್ಕೊಂಡೆ" ಎಂದ.

ಒಳಗೆ ಬಂದು ಅತ್ತೆಯನ್ನು ಕೇಳಿದೆ. "ನನಗೇನು ಕಿವುಡೇ? ಮಂಚದ ಮೇಲೆ ಮಲಗಿದ್ರೂ ಕೇಳಿಸ್ತಿತ್ತು. ಅವನು ಸುಮ್ಮನಿದ್ದ, ನಾನೂ ಸುಮ್ಮನಿದ್ದೆ" ಎಂದರು. ಇನ್ನು ನನ್ನ ಮಾತು. ನಾನೂ ಕೇಳಿಸಿಕೊಂಡಿದ್ದೆ. ನೀವು ಹೊರಡುವ ಹಿಂದಿನ ದಿನ ಟಾರ್ಪಾಲಿನ ಹೊರೆ ಹೇರಿಕೊಂಡು ಮಂಡಿಗೆ ಹೋದೆವಲ್ಲ, ಆ ಏರಿನಲ್ಲಿ. ನನ್ನ ಕಾಲ ಕೆಳಗೇ ಬಡಿಯುತ್ತಿತ್ತು. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನು ತಿರುಗಿ ನೋಡಿದ. ನೀವು ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತ ಏನೋ ಗುನುಗುತ್ತಿದ್ದಿರಿ. ಇವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು ನಾನೂ ಬಾಯಿ ಮುಚ್ಚಿಕೊಂಡು ಕೂತೆ. ಬೀದಿಗೆ ಬೀದಿಯೇ ಕೇಳಿಸಿಕೊಂಡ ಸದ್ದನ್ನು ಯಾರೂ ನಿಮಗೆ ಹೇಳಲಿಲ್ಲ, ನೀವು ಡಾಕ್ಟರು ಎಂಬ ಒಂದೇ ಕಾರಣಕ್ಕೆ. ಸೂಜಿ ಬಿದ್ದಷ್ಟು ಸದ್ದಾದರೂ ಯಾವ ಬೇರಿಂಗಿನದು ಎಂದು ಹೇಳುತ್ತಿದ್ದ ಮನುಷ್ಯ ಆ ಸುತ್ತಿಗೆ ಏಟಿಗೆ ಏಕೆ ಗಾಡಿ ನಿಲ್ಲಿಸಲಿಲ್ಲ ಎಂದು ನಿನ್ನೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಗೊತ್ತಿದೆಯೋ ಏನೋ. ಬರೆಯಲು ಕೈ ಬರುತ್ತಿಲ್ಲ.

ಅದು ಹಾಗಿರಲಿ. ಲೇತಣ್ಣನಿಗೆ ಹೇಳಿ ಬೇರಿಂಗು ಮಾಡಿಸುವವರೆಗೆ ದೊಡ್ಡಮ್ಮನಿಗೆ ಹೊರೆ ಹೇರುವುದಿಲ್ಲ, ಬಾಡಿಗೆ ಗಾಡಿಯಲ್ಲೇ ಟಾರ್ಪಾಲು ಸಾಗಿಸುತ್ತೇನೆ. ತಾಮ್ರದ ಪೈಪು ಇನ್ನೊಂದಿಷ್ಟು ಉಳಿದಿದೆ, ಜೋಪಾನವಾಗಿ ಎತ್ತಿಟ್ಟಿದ್ದೇನೆ. ದೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕ್ಯಾಂಟೀನಿನ ಅಜ್ಜಿಗೆ, ಈಗ ಅಜ್ಜಿಯೆಂದೇ ಕರೆಯುತ್ತೇನೆ, ನನ್ನ ನೆನಪು ಹೇಳಿ. ಕ್ರೇನಣ್ಣನನ್ನು ಬೈಯಬೇಡಿ, ನಿಮ್ಮ ಕಾಲರ್ ಹಿಡಿದ ಕೈಗೆ ನಾನು ಜೀವನಪೂರ್ತಿ ಋಣಿ. ಅತ್ತೆ ಪಕ್ಕದಲ್ಲೇ ಕೂತು ಆಶೀರ್ವಾದ ಬರೆ ಎನ್ನುತ್ತಿದ್ದಾರೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಜಲ್ಲಿ ಲಾರಿಯವನು ಸಂಜೆ ಹೊರಡುತ್ತಾನೆ, ಬೆಳಿಗ್ಗೆ ಇದು ನಿಮ್ಮ ಕೈ ಸೇರುತ್ತದೆ. ಮೈ ಕೈ ನೋಡಿಕೊಂಡು ಕೆಲಸ ಮಾಡಿ, ನೂರು ವರ್ಷ ಚೆನ್ನಾಗಿರಿ.

ನಿಮ್ಮ ಮೇಲೆ ಸದಾ ಒಂದು ಕಣ್ಣಿಟ್ಟಿರುವ,
ನಿಮ್ಮ ಟಾರ್ಪಾಲಿನವಳು

ಮಡಚಿದ ಕಾಗದ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಲಾರಿಯವನು ಬಾಗಿಲಲ್ಲೇ ನಿಂತಿದ್ದಾನೆ. ಕ್ರೇನಣ್ಣ ಇವತ್ತು ಬೆಳಿಗ್ಗೆ ರಜೆ ಹಾಕಿ ಊರಿಗೆ ಹೋದನಂತೆ, ಈಗಷ್ಟೇ ಇವನು ಹೇಳಿದ. ಹಾಗಾದರೆ ನಾಳೆ ಸೈರನ್ ಊದಿದಾಗ ನಿಮ್ಮನ್ನು ಎಳೆದುಕೊಂಡು ಬರುವವರು ಯಾರು? ಇನ್ನು ಸುತ್ತಿ ಬಳಸುವುದಿಲ್ಲ. ನಿಮಗೆ ಕಿವಿ ಕೇಳಿಸುತ್ತಿಲ್ಲ. ನೀವು ಕುಡಿದಿರಲಿಲ್ಲ, ಸೈರನ್ ಕೇಳಿಸಿರಲಿಲ್ಲ ಅಷ್ಟೇ. ಆ ಮೀಟರು, ಆ ಕೆಂಪು ದೀಪ, ಆ ಫಿಲ್ಟರು ಎಲ್ಲವೂ ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಲು ತಾನೇ? ನೀವು ನನ್ನ ಮುಖ ನೋಡುತ್ತಿದ್ದದ್ದೂ ತುಟಿ ಓದಲು. ಇಂಜಿನ್ನಿಗೆ ಇಷ್ಟೆಲ್ಲ ಏರ್ಪಾಡು ಮಾಡಿದವರು ನನಗೊಂದು ಮಾತು ಹೇಳಬಾರದಿತ್ತೇ? ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹತ್ತು ಪಾಲು ಭಯವಾಗಿದೆ. ನಾನು ಬರುವವರೆಗೆ ಕ್ವಾರಿಯ ಗುಂಡಿಯೊಳಗೆ ಇಳಿಯಬೇಡಿ, ಜ್ವರ ಎಂದು ಹೇಳಿ ಕೋಣೆಯಲ್ಲೇ ಇರಿ, ನನ್ನಾಣೆ. ಅತ್ತೆಯನ್ನು ಲೇತಣ್ಣನ ಹೆಂಡತಿಯ ಹತ್ತಿರ ಬಿಟ್ಟು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಸಂಜೆಗೆ ಅಲ್ಲಿರುತ್ತೇನೆ. ಕೋಣೆಯಲ್ಲಿ ನೀವೊಬ್ಬರೇ ಇರುತ್ತೀರಿ, ನಾನು ಎಷ್ಟು ತಟ್ಟಿದರೂ ನಿಮಗೆ ಕೇಳಿಸುವುದಿಲ್ಲ. ಬಾಗಿಲಿಗೆ ಚಿಲಕ ಹಾಕಬೇಡಿ.